ಮಗ್ಗದ ಮನೆಯಲ್ಲಿ 14 ತಿಂಗಳು ಬಳಸಿದ ನೆಕ್‌ಬ್ಯಾಂಡ್

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಟೈಪ್-ಸಿ ಚಾರ್ಜಿಂಗ್’ ಎಂದು ಬರೆದಿತ್ತು. ಈ ನೆಕ್‌ಬ್ಯಾಂಡನ್ನು ನಾನು ಕೊಂಡಿದ್ದೇ ಆ ಮಾತು ನೋಡಿ. ಕೊರಳಿಗೆ ಹಾಕಿಕೊಳ್ಳುವ, ಫೋನಿಗೆ ವೈರ್ ಇಲ್ಲದೆ ಬ್ಲೂಟೂತಿನಿಂದ ಜೋಡಿಸುವ ಇಯರ್‌ಫೋನ್ ಇದು. ಹೋದ ವರ್ಷ ಕಾರ ಹುಣ್ಣಿಮೆಯ ಮರುವಾರ ಜಮಖಂಡಿಯ ಅಂಗಡಿಯಲ್ಲಿ 1,499 ರೂಪಾಯಿ ಕೊಟ್ಟೆ. ಬಸ್ಸಿನಲ್ಲಿ ಬನಹಟ್ಟಿಗೆ ತಂದೆ. ರಾತ್ರಿ ಊಟವಾದ ಮೇಲೆ ನಮ್ಮ ಯಜಮಾನರ ಫೋನಿನ ಚಾರ್ಜರಿಗೆ ಹಾಕಿದೆ. ಆ ಚಾರ್ಜರಿನ ಕೇಬಲ್ಲಿಗೆ ಎರಡೂ ತುದಿಯಲ್ಲಿ ಟೈಪ್-ಸಿ. ಪಿನ್ನು ಸರಿಯಾಗಿ ಕೂತಿತು. ಆದರೆ ದೀಪ ಹತ್ತಲಿಲ್ಲ. ತಿರುಗಿಸಿ ಹಾಕಿದೆ, ಆಗಲೂ ಹತ್ತಲಿಲ್ಲ. ಅದೇ ಕೇಬಲ್ಲನ್ನು ಫೋನಿಗೆ ಚುಚ್ಚಿದರೆ ಫೋನು ಚಾರ್ಜ್ ಆಗುತ್ತಿತ್ತು.

ಮಾರನೆಯ ದಿನ ಕೆಲಸ ಬಿಟ್ಟು ಮತ್ತೆ ಜಮಖಂಡಿಗೆ ಹೋದೆ. ಅಂಗಡಿಯವರು ತಮ್ಮ ಕೌಂಟರಿನ ಹಳೆಯ ಕೇಬಲ್ಲಿಗೆ ಹಾಕಿದರು. ಕೆಂಪು ದೀಪ ತಟ್ಟನೆ ಹತ್ತಿತು. “ನೆಕ್‌ಬ್ಯಾಂಡ್ ಚೆನ್ನಾಗಿದೆ, ನಿಮ್ಮ ಚಾರ್ಜರೇ ಸರಿ ಇಲ್ಲ” ಎಂದರು. ನಂಬಿ ವಾಪಸ್ ಬಂದೆ. ಹೊಸ ಚಾರ್ಜರಿಗೆ ಇನ್ನೂ 500 ರೂಪಾಯಿ ಹಾಕುವುದರಲ್ಲಿದ್ದೆ. ಅದು ಯಾಕೆ ಹಾಗಾಯಿತು ಎಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೇ ಆಗಿರಬಹುದು.

ಮೊದಲು ನಾನು ಇದನ್ನು ಎಲ್ಲಿ ಬಳಸುತ್ತೇನೆ ಎಂದು ಹೇಳಬೇಕು. ನಮ್ಮದು ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆಯ ಜೋಡಿ ಊರು. ನಮ್ಮ ಓಣಿಗೆ ಕಾಲಿಟ್ಟರೆ ಮನುಷ್ಯರ ಮಾತಿಗಿಂತ ಮೊದಲು ಮಗ್ಗದ ಸದ್ದು ಕೇಳುತ್ತದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇವೆ. ಹತ್ತಿ ಸೀರೆ ನೇಯುತ್ತೇವೆ. ಯಜಮಾನರು ಮಗ್ಗ ನೋಡುತ್ತಾರೆ. ನಾನು ಮೂಲೆಯಲ್ಲಿ ಕೂತು ಕಂಡಿಕೆ, ಅಂದರೆ ನೇಯಲು ಬೇಕಾದ ಅಡ್ಡ ನೂಲಿನ ಸುರುಳಿ, ಸುತ್ತುತ್ತೇನೆ. ಅವರು ನೂಲು ತರಲು ಹೋದಾಗ ಮಗ್ಗದ ಮುಂದೆಯೂ ನಿಲ್ಲುತ್ತೇನೆ. ವಿಡಿಯೊದಲ್ಲಿ ಇಯರ್‌ಫೋನ್ ರಿವ್ಯೂ ಮಾಡುವವರು ಶಾಂತವಾದ ಕೋಣೆಯಲ್ಲಿ ಕೂತು ಹಾಡು ಕೇಳಿ ಅಂಕ ಕೊಡುತ್ತಾರೆ. ನನ್ನಂಥವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಸದ್ದು, ಅರಳೆಯ ಧೂಳು, ಏಪ್ರಿಲ್ ತಿಂಗಳ ತಗಡಿನ ಕಾವು, ಇವುಗಳ ನಡುವೆ ಈ ವಸ್ತು ಹೇಗೆ ಬಾಳಿತು ಎಂದು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನಾನು ಹೇಳುವುದನ್ನು ನೀವು ಯಾವ ಪೆಟ್ಟಿಗೆ ಕೈಗೆತ್ತಿಕೊಂಡರೂ ಪರೀಕ್ಷೆ ಮಾಡಿ ನೋಡಬಹುದು.

ವೈರ್ ಇಲ್ಲದ್ದೇ ಯಾಕೆ ಬೇಕಿತ್ತು? ನಮ್ಮಲ್ಲಿ ಅದು ಶೋಕಿಯ ಮಾತಲ್ಲ. ಮೂರು ವರ್ಷದ ಹಿಂದೆ ನಾನು ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ಕಂಡಿಕೆ ಸುತ್ತುತ್ತಿದ್ದೆ. ಎಳೆ ಹರಿಯಿತು. ಬಗ್ಗಿ ಅದನ್ನು ಹುಡುಕುವಾಗ ವೈರು ತಿರುಗುವ ಕದಿರಿಗೆ ಸಿಕ್ಕಿತು. ಒಂದು ಕ್ಷಣದಲ್ಲಿ ಎಲ್ಲವನ್ನೂ ಎಳೆದುಕೊಂಡಿತು. ಕಿವಿಯಿಂದ ಬಡ್ ಕಿತ್ತು ಬಂತು, ಫೋನು ನೆಲಕ್ಕೆ ಬಿತ್ತು. ವೈರು ತೆಳ್ಳಗಿತ್ತು, ಹರಿದುಹೋಯಿತು. ಗಟ್ಟಿ ಇದ್ದಿದ್ದರೆ ನನ್ನ ತಲೆಯೂ ಅದರ ಹಿಂದೆ ಹೋಗುತ್ತಿತ್ತು. ಮಗ್ಗದ ಬೆಲ್ಟು, ಶಾಫ್ಟುಗಳ ಹತ್ತಿರ ಸೆರಗು ಸಿಕ್ಕಿಸಿಕೊಂಡೇ ಓಡಾಡಬೇಕು ಎಂದು ಅತ್ತೆ ಮದುವೆಯಾದ ವಾರವೇ ಹೇಳಿಕೊಟ್ಟಿದ್ದರು. ಇಯರ್‌ಫೋನಿನ ವೈರೂ ಒಂದು ಸೆರಗೇ ಎಂದು ಅವತ್ತು ತಿಳಿಯಿತು.

ಹಾಗಾದರೆ ಎರಡು ಬಿಡಿ ಬಡ್ಸ್ ತೆಗೆದುಕೊಳ್ಳಬಹುದಿತ್ತಲ್ವಾ? ಮಗಳ ಬಡ್ಸ್ ಹಾಕಿ ನೋಡಿದೆ. ಬೆವರಿಗೆ ಜಾರುತ್ತವೆ. ಒಂದು ದಿನ ಮಗ್ಗದ ಹಾಸಿನ, ಅಂದರೆ ಉದ್ದ ಎಳೆಗಳ, ಮೇಲೆ ಒಂದು ಬಿತ್ತು. ಅಡ್ಡ ನೂಲು ಹೊತ್ತ ಲಾಳಿ ಓಡುವ ದಾರಿಯಲ್ಲಿ ಬಿದ್ದಿದ್ದರೆ ಲಾಳಿ ಹಾರಿ ಯಾರಿಗಾದರೂ ಬಡಿಯುತ್ತಿತ್ತು, ಇಲ್ಲವೇ ನೂರಾರು ಎಳೆ ಹರಿಯುತ್ತಿದ್ದವು. ನೆಕ್‌ಬ್ಯಾಂಡಿನ ಬಡ್ ಕಿವಿಯಿಂದ ಬಿದ್ದರೂ ಕೊರಳಲ್ಲೇ ಉಳಿಯುತ್ತದೆ. ಆದರೆ ಅದನ್ನೂ ಸುಮ್ನೆ ಜೋತು ಬಿಡುವ ಹಾಗಿಲ್ಲ. ನಾನು ಎರಡೂ ಕಡೆಯ ಚಿಕ್ಕ ವೈರುಗಳನ್ನು ರವಿಕೆಯೊಳಗೆ ಸೇರಿಸಿ, ಮೇಲೆ ಸೆರಗು ಹೊದ್ದು ಸಿಕ್ಕಿಸಿಕೊಳ್ಳುತ್ತೇನೆ. ಬಡ್ಡಿನ ಹಿಂದೆ ಮ್ಯಾಗ್ನೆಟ್ ಇರುತ್ತದೆ, ಎರಡನ್ನೂ ಎದೆಯ ಮೇಲೆ ಅಂಟಿಸಿಟ್ಟುಕೊಳ್ಳಬಹುದು ಎಂದು ಜಾಹೀರಾತಿನಲ್ಲಿ ತೋರಿಸುತ್ತಾರೆ. ಕಬ್ಬಿಣದ ಯಂತ್ರಗಳ ನಡುವೆ ಹಾಗೆ ನೇತಾಡಿಸಿಕೊಂಡು ಹೋಗಬೇಡಿ.

ನಾನು ಕೇಳುವುದು ಹೆಚ್ಚಾಗಿ ಮಾತು, ಹಾಡು ಕಡಿಮೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ದೇಶ್ವರ ಶ್ರೀಗಳ ಪ್ರವಚನ ದಿನಾ ಒಂದಾದರೂ ಕೇಳುತ್ತೇನೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದ ಮೇಲೆ ನಮಗೆ ಉಳಿದಿರುವುದು ಧ್ವನಿಯಷ್ಟೇ. ಇಯರ್‌ಫೋನ್ ಪರೀಕ್ಷೆ ಮಾಡಲು ಆ ಧ್ವನಿಗಿಂತ ಕಠಿಣವಾದದ್ದು ಬೇರೆ ಇಲ್ಲ ಎಂದು ನನಗೆ ಅನ್ನಿಸಿದೆ. ಅಪ್ಪಾವರು (ಶ್ರೀಗಳನ್ನು ನಾವು ಹಾಗೇ ಕರೆಯುವುದು) ಮೆಲ್ಲಗೆ ಮಾತಾಡುತ್ತಿದ್ದರು. ಒಂದು ಮಾತು ಹೇಳಿ ನಿಲ್ಲಿಸುತ್ತಿದ್ದರು. ಕೇಳುವವರು ಯೋಚಿಸಲಿ ಎಂದು ಬಿಟ್ಟ ಜಾಗ ಅದು. ಈ ನೆಕ್‌ಬ್ಯಾಂಡ್ ಆ ಜಾಗದಲ್ಲೇ ಎಡವುತ್ತದೆ. ಸ್ವಲ್ಪ ಹೊತ್ತು ಶಬ್ದ ಬಾರದಿದ್ದರೆ ಬ್ಯಾಟರಿ ಉಳಿಸಲು ಒಳಗಿನ ಆಂಪ್ಲಿಫೈಯರ್ ಮಲಗಿಬಿಡುತ್ತದೆ. ಮತ್ತೆ ಮಾತು ಶುರುವಾದಾಗ ‘ಟಿಕ್’ ಎಂದು ಏಳುತ್ತದೆ. ಅಷ್ಟರಲ್ಲಿ ಮೊದಲ ಅಕ್ಷರದ ತಲೆ ಹಾರಿಹೋಗಿರುತ್ತದೆ. ಹಾಡಿನಲ್ಲಿ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಹಾಡಿನಲ್ಲಿ ಅಷ್ಟು ಮೌನ ಇರುವುದಿಲ್ಲ. ಪ್ರವಚನ, ಪಾಠ, ವಚನ ವ್ಯಾಖ್ಯಾನ ಕೇಳುವವರು ಅಂಗಡಿಯಲ್ಲೇ ಇಂಥ ನಿಧಾನದ ಮಾತೊಂದನ್ನು ಹಾಕಿಸಿ ಕೇಳಿ. ಅಂಗಡಿಯವರು ಯಾವಾಗಲೂ ಡೊಳ್ಳು ಬಡಿಯುವ ಹಾಡನ್ನೇ ಹಾಕುತ್ತಾರೆ.

ಬೇಸ್ ವಿಷಯಕ್ಕೂ ನನಗೆ ಬೇಜಾರಿದೆ. ಈ ಬೆಲೆಯ ಬಹಳಷ್ಟು ಪೆಟ್ಟಿಗೆಗಳ ಮೇಲೆ ‘ಬೇಸ್ ಬೂಸ್ಟ್’ ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಗುಡುಗಿನಂಥ ದಪ್ಪ ಸ್ವರ ಮಗ್ಗದ ಗುಂಯ್ ಸದ್ದಿನ ಜೊತೆ ಸೇರಿ ಮಾತನ್ನು ಮುಚ್ಚಿಬಿಡುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಈಕ್ವಲೈಜರ್ (ದಪ್ಪ, ತೆಳು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪಟ್ಟಿ) ತೆಗೆದು ಎಡಗಡೆಯ, ದಪ್ಪ ಸ್ವರದ, ಎರಡು ಕಡ್ಡಿ ಇಳಿಸಿ, ನಡುವಿನವನ್ನು ಸ್ವಲ್ಪ ಏರಿಸಿದೆ. ಆಮೇಲೆ ಮಾತು ಬಿಡಿಬಿಡಿಯಾಗಿ ಕೇಳಿತು. ಎರಡು ನಿಮಿಷದ ಕೆಲಸ, ಖರ್ಚಿಲ್ಲ.

ಈಗ ಕಿವಿಯ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಮ್ಮ ಮಾವನವರು ನಲವತ್ತು ವರ್ಷ ಮಗ್ಗ ನಡೆಸಿದರು. ಈಗ ಅವರಿಗೆ ಮಾತಿನ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಸಕ್ಕರೆ’ ಎಂದರೆ ‘ಅಕ್ಕರೆ’ ಎಂದು ಕೇಳುತ್ತದೆ. ಸದ್ದಿನಿಂದ ಕಿವಿ ಹೋಗುವಾಗ ಮೊದಲು ಹೋಗುವುದು ಸ, ಶ, ತ, ಥ ಇಂಥ ತೆಳು ಅಕ್ಷರಗಳ ಎತ್ತರದ ಸ್ವರ. ಒಳಗಿವಿಯಲ್ಲಿ ಅದನ್ನು ಹಿಡಿಯುವ ಕೂದಲಿನಂಥ ಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೆಕ್‌ಬ್ಯಾಂಡ್ ಬಂದ ಮೊದಲ ತಿಂಗಳು ನಾನು ಮಗ್ಗದ ಸದ್ದನ್ನು ಗೆಲ್ಲಲು ವಾಲ್ಯೂಮ್ ಏರಿಸುತ್ತಾ ಹೋದೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಕುಂಯ್’ ಎನ್ನುತ್ತಿತ್ತು. ಮಗಳು ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿದಳು. ನನ್ನ ಕಂಡಿಕೆ ಮೂಲೆಯಲ್ಲಿ 88 ಡೆಸಿಬೆಲ್ ತೋರಿಸಿತು. ನಾಲ್ಕೂ ಮಗ್ಗದ ನಡುವೆ ನಿಂತರೆ 94. ಫೋನಿನ ಅಳತೆ ನಿಖರವಾಗಿ ಇರುವುದಿಲ್ಲ, ಅಂದಾಜಿಗೆ ಸಾಕು.

ಅಮೆರಿಕದ ನಿಯೋಶ್ ಎಂಬ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿದ್ದರೆ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಅದರಲ್ಲಿ ಇರಬಾರದು. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. ಅಂದರೆ 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದೇ ತಾಸು. ನಾವು ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಅದರಲ್ಲೇ ಇರುತ್ತೇವೆ. ಅದರ ಮೇಲೆ ಇಯರ್‌ಫೋನ್ ಜೋರು ಮಾಡಿದರೆ ಕಿವಿಗೆ ಎರಡು ಕಡೆಯಿಂದ ಹೊಡೆತ.

ಅಣ್ಣನ ಮಗ ಬೆಂಗಳೂರಿನಿಂದ ಬಂದಾಗ ಅವನ ನಾಯ್ಸ್ ಕ್ಯಾನ್ಸಲಿಂಗ್ ಬಡ್ಸ್ ಕೊಟ್ಟ. ಬಹಳ ಆಸೆಯಿಂದ ಹಾಕಿದೆ. ಮೋಟರಿನ ಗುಂಯ್ ಸದ್ದು ನಿಜಕ್ಕೂ ಇಳಿಯಿತು. ಆದರೆ ಲಾಳಿ ಬಡಿಯುವ ‘ಫಟ್ ಫಟ್’ ಹಾಗೇ ಉಳಿಯಿತು. ಆ ತಂತ್ರ ಕೆಲಸ ಮಾಡುವುದು ಹೀಗೆ: ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ಉಲ್ಟಾ ಅಲೆಯನ್ನು ಕಿವಿಗೆ ಬಿಟ್ಟು ಎರಡನ್ನೂ ಹೊಡೆದಾಡಿಸಿ ಅಳಿಸುವುದು. ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಅದು ಒಳ್ಳೆಯದು. ಬಸ್ಸು, ರೈಲು, ಫ್ಯಾನಿಗೆ ಸರಿ. ತಟ್ಟನೆ ಬಡಿಯುವ ಸದ್ದಿಗೆ ಅದು ಸಾಲದು.

ನನಗೆ ಕೊನೆಗೆ ದಾರಿ ತೋರಿಸಿದ್ದು ಹಾರ್ಡ್‌ವೇರ್ ಅಂಗಡಿ. ರಸ್ತೆ ಒಡೆಯುವವರು ಕಿವಿಗೆ ಹಾಕಿಕೊಳ್ಳುವ ಮುಚ್ಚಳ ಇರುತ್ತದಲ್ಲ, ಇಯರ್‌ಮಫ್, ಅದನ್ನು 380 ರೂಪಾಯಿಗೆ ತಂದೆ. ನೆಕ್‌ಬ್ಯಾಂಡಿನ ಬಡ್ಡನ್ನು ಒಂದೇ ಕಿವಿಗೆ ಹಾಕಿ, ಎರಡೂ ಕಿವಿಯ ಮೇಲೆ ಮಫ್ ಕೂರಿಸಿದೆ. ಮೊದಲು ಫೋನಿನ ವಾಲ್ಯೂಮ್ ನೂರಕ್ಕೆ 85 ಇಡುತ್ತಿದ್ದೆ, ಈಗ 45 ಸಾಕು. ಒಂದೇ ಕಿವಿಗೆ ಯಾಕೆ ಎಂದರೆ, ನೇಕಾರರು ಮಗ್ಗವನ್ನು ಕಣ್ಣಿಗಿಂತ ಜಾಸ್ತಿ ಕಿವಿಯಿಂದ ನೋಡುತ್ತಾರೆ. ಹೊಕ್ಕು ಮುಗಿದರೆ, ಲಾಳಿ ತಪ್ಪಿದರೆ ಸದ್ದಿನ ತಾಳ ಬದಲಾಗುತ್ತದೆ. ಮಫ್ ಹಾಕಿದರೂ ಆ ತಾಳ ಕೇಳುತ್ತದೆ, ಮೆತ್ತಗೆ ಕೇಳುತ್ತದೆ ಅಷ್ಟೇ. ಯಜಮಾನರು ಒಂದು ತಿಂಗಳು ನೋಡಿದರು. ಆಮೇಲೆ ತಮಗೂ ಒಂದು ತಂದುಕೊಂಡರು. ಈ 14 ತಿಂಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಖರ್ಚು ಆ 380 ರೂಪಾಯಿಯದು.

ಕರೆಯ ಗುಣ ಕಳಪೆ. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಪೆಟ್ಟಿಗೆಯ ಮೇಲೆ ‘ಇಎನ್‌ಸಿ ಮೈಕ್’ ಎಂದಿದೆ, ಮಾತಾಡುವಾಗ ಸುತ್ತಲ ಸದ್ದನ್ನು ತೆಗೆಯುತ್ತದೆ ಎಂದು ಅರ್ಥ. ನೂಲಿನ ವ್ಯಾಪಾರಿ ಫೋನ್ ಮಾಡಿದಾಗ ಅವರಿಗೆ ನನ್ನ ಮಾತು ಒಂದೂ ತಿಳಿಯಲಿಲ್ಲ, ಮಗ್ಗ ಮಾತ್ರ ಕೇಳಿತಂತೆ. ನನಗೂ ಅವರ ಧ್ವನಿ ಕೊಡದೊಳಗಿನಿಂದ ಬಂದ ಹಾಗೆ ಕೇಳಿತು. ಇದು ಈ ಕಂಪನಿಯೊಂದರ ತಪ್ಪಲ್ಲ. ಬ್ಲೂಟೂತ್ ಹಾಡಿಗೆ ಒಂದು ದಾರಿ ಇಟ್ಟುಕೊಂಡಿದೆ, ಕರೆಗೆ ಇನ್ನೊಂದು. ಹಾಡು ಒಂದೇ ಕಡೆಗೆ ಹರಿಯುತ್ತದೆ. ಕರೆ ಬಂದ ಕೂಡಲೇ ಎರಡೂ ಕಡೆ ಹರಿಯಬೇಕು, ಆಗ ಹಳೆಯ ಇಕ್ಕಟ್ಟಾದ ದಾರಿಗೆ ಇಳಿಯುತ್ತದೆ. ಹಾಡಿನಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಕಳಿಸಿದರೆ, ಕರೆಯಲ್ಲಿ 8,000 ಅಥವಾ 16,000 ಸಲ. 2020ರಲ್ಲಿ ಎಲ್‌ಇ ಆಡಿಯೊ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿದ್ದಾರೆ, ಅದರಲ್ಲಿ ಕರೆ ಇದಕ್ಕಿಂತ ಚೆನ್ನಾಗಿ ಕೇಳಬೇಕು. ಪೆಟ್ಟಿಗೆಯ ಮೇಲೆ ಬ್ಲೂಟೂತ್ 5.3 ಎಂದು ಇದ್ದ ಮಾತ್ರಕ್ಕೆ ಅದು ಇದೆ ಎಂದಲ್ಲ. ಎಲ್‌ಇ ಆಡಿಯೊ ಎಂದು ಬೇರೆಯಾಗಿ ಬರೆದಿರಬೇಕು, ನಿಮ್ಮ ಫೋನಿನಲ್ಲೂ ಇರಬೇಕು. ನಾನು ಕರೆ ಬಂದರೆ ಹೊಸ್ತಿಲ ಆಚೆ ಹೋಗಿ ಫೋನನ್ನೇ ಕಿವಿಗೆ ಹಿಡಿಯುತ್ತೇನೆ.

ಇನ್ನು ಚಾರ್ಜಿಂಗ್ ಪೋರ್ಟ್.

ನನ್ನ ಹಳೆಯ ನೆಕ್‌ಬ್ಯಾಂಡಿಗೆ ಮೈಕ್ರೋ-ಯುಎಸ್‌ಬಿ ಇತ್ತು. ಅದಕ್ಕೆ ಮೇಲೆ ಕೆಳಗೆ ಇದೆ. ಮಗಳು ಚಿಕ್ಕವಳಿದ್ದಾಗ ಕತ್ತಲಲ್ಲಿ ಉಲ್ಟಾ ಒತ್ತಿದಳು. ಒಳಗಿನ ನಾಲಿಗೆ ಮುರಿಯಿತು. ಹಾಡುವ ಸ್ಪೀಕರ್, ಬ್ಯಾಟರಿ ಎಲ್ಲ ಚೆನ್ನಾಗಿದ್ದರೂ ಇಡೀ ವಸ್ತು ಕಸವಾಯಿತು. ಆಗಲೇ ಗಟ್ಟಿ ಮಾಡಿಕೊಂಡೆ, ಮುಂದಿನದು ಟೈಪ್-ಸಿ ಆಗಿರಬೇಕು ಎಂದು. 2014ರಲ್ಲಿ ಬಂದ ಈ ಪೋರ್ಟಿಗೆ ಮೇಲೆ ಕೆಳಗೆ ಇಲ್ಲ, ಹೇಗೆ ಹಾಕಿದರೂ ಕೂರುತ್ತದೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಮಾರುವ ಹೊಸ ಫೋನು, ಹೆಡ್‌ಫೋನು, ಇಯರ್‌ಬಡ್ಸ್ ಎಲ್ಲಕ್ಕೂ ಇದೇ ಪೋರ್ಟ್ ಇರಬೇಕೆಂದು ಕಾನೂನು ಮಾಡಿದ್ದಾರೆ. ಐಫೋನ್ ಕೂಡ 2023ರಲ್ಲಿ ಇದಕ್ಕೆ ಬಂತು. ಮನೆಗೆ ಒಂದೇ ಕೇಬಲ್ ಸಾಕು ಎನ್ನುವುದು ಎಷ್ಟು ದೊಡ್ಡ ಅನುಕೂಲ ಎಂದು ನಾಲ್ಕು ಜನರಿರುವ ಮನೆಯ ಹೆಂಗಸಿಗೆ ಗೊತ್ತು.

ಐದು ತಿಂಗಳು ಚೆನ್ನಾಗಿ ನಡೆಯಿತು. ಯಜಮಾನರ ಚಾರ್ಜರ್ ಆಗದಿದ್ದರೂ ಹಳೆಯ ಚೌಕ ಮೂತಿಯ (ಯುಎಸ್‌ಬಿ-ಎ) ಚಾರ್ಜರಿನಲ್ಲಿ ಆಗುತ್ತಿತ್ತು. ದೀಪಾವಳಿಯ ಸೀರೆ ನೇಯುವ ದಿನಗಳಲ್ಲಿ ಅದರಲ್ಲೂ ಚಾರ್ಜ್ ಆಗುವುದು ನಿಂತಿತು. ಪಿನ್ನು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಕೈ ಬಿಟ್ಟರೆ ಕೆಳಗೆ ಬೀಳುತ್ತಿತ್ತು. ಕೇಬಲ್ ಸವೆದಿದೆ ಎಂದು ಹೊಸದು ತಂದೆ. ಅದೂ ಬಿತ್ತು. ಪೋರ್ಟ್ ಹಾಳಾಯಿತು, ವಾರಂಟಿಗೆ ಕಳಿಸಬೇಕು ಎಂದುಕೊಂಡು ಮೊದಲು ನಮ್ಮ ಪೇಟೆಯ ರಿಪೇರಿ ಹುಡುಗನಿಗೆ ತೋರಿಸಿದೆ.

ಅವನು ಭೂತಕನ್ನಡಿ ಹಚ್ಚಿ ನೋಡಿದ. ನೆಕ್‌ಬ್ಯಾಂಡ್ ಸ್ವಿಚ್ ಆಫ್ ಮಾಡಿದ. ಹಲ್ಲು ಕೆದಕುವ ಮರದ ಕಡ್ಡಿ ತೆಗೆದು, ತುದಿಯನ್ನು ಬ್ಲೇಡಿನಿಂದ ಇನ್ನೂ ತೆಳ್ಳಗೆ ಮಾಡಿದ. ಪೋರ್ಟಿನ ಗೋಡೆಗುಂಟ ಮೆಲ್ಲಗೆ ಆಡಿಸಿ ಒಂದು ಉಂಡೆ ಹೊರಗೆ ತೆಗೆದ. ಜೋಳದ ಕಾಳಿನಷ್ಟು ದೊಡ್ಡದು. ಹಸಿರು, ಹಳದಿ ಬಣ್ಣ. ನಮ್ಮ ಮಗ್ಗದಲ್ಲಿ ಆಗ ಓಡುತ್ತಿದ್ದ ದೀಪಾವಳಿ ಸೀರೆಯ ಅದೇ ಹಸಿರು, ಅದೇ ಹಳದಿ. ಗಾಳಿಯಲ್ಲಿ ತೇಲುವ ಅರಳೆ ಧೂಳು ಒಳಗೆ ಕೂತಿತ್ತು. ಪ್ರತಿ ಸಲ ಪಿನ್ನು ಚುಚ್ಚಿದಾಗಲೂ ಅದನ್ನು ನಾನೇ ಒತ್ತಿ ಒತ್ತಿ ಗಟ್ಟಿ ಮಾಡಿದ್ದೆ. ಟೈಪ್-ಸಿ ಪೋರ್ಟಿನ ನಡುವೆ ತೆಳ್ಳನೆಯ ನಾಲಿಗೆ ಇರುತ್ತದೆ, ಸುತ್ತಲೂ ಸಣ್ಣ ಕಾಲುವೆ. ಆ ಕಾಲುವೆಯ ತಳದಲ್ಲಿ ಧೂಳು ಕೂತರೆ ಪಿನ್ನು ಕೂರುವುದಿಲ್ಲ. ಹುಡುಗ 20 ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಅವನು ಹೇಳಿಕೊಟ್ಟದ್ದನ್ನು ಈಗ ಪ್ರತಿ ಅಮಾವಾಸ್ಯೆಗೆ ಮಾಡುತ್ತೇನೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಮಗ್ಗ ಒರೆಸಿ ಪೂಜೆ ಮಾಡುವ ದಿನ. ಅದೇ ದಿನ ಪೋರ್ಟನ್ನೂ ಸ್ವಚ್ಛ ಮಾಡುತ್ತೇನೆ. ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಮಾತ್ರ. ಸೂಜಿ, ಪಿನ್ನು ಬೇಡ, ಒಳಗಿನ ಹಲ್ಲು ಗೀಚಿಹೋಗುತ್ತದೆ, ಎರಡು ಹಲ್ಲು ಕೂಡಿದರೆ ಶಾರ್ಟ್ ಆಗುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಹೋಗುತ್ತದೆ. ಮಗ್ಗ ಒರೆಸುವ ಬ್ಲೋವರನ್ನೂ ಹಿಡಿಯಬೇಡಿ.

ನನಗೆ ಒಂದು ಪ್ರಶ್ನೆ ಉಳಿದಿತ್ತು. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್5’ ಎಂದು ಇತ್ತು. ಅದು ನೀರು, ಧೂಳು ಎರಡಕ್ಕೂ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಐಪಿ ನಂತರ ಎರಡು ಅಂಕಿಗಳ ಜಾಗ ಇರುತ್ತದೆ. ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಎಕ್ಸ್ ಎಂದರೆ ಧೂಳಿಗೆ ಯಾವ ಅಂಕವೂ ಕೊಟ್ಟಿಲ್ಲ ಎಂದು. ಬೆವರು, ಮಳೆ ತಡೆಯಬಹುದು, ಅರಳೆ ಧೂಳಿನ ಬಗ್ಗೆ ಕಂಪನಿ ಏನೂ ಹೇಳುತ್ತಿಲ್ಲ. ಐಪಿ55 ಎಂದು ಇದ್ದರೆ ಧೂಳಿನದೂ ಲೆಕ್ಕಕ್ಕೆ ಬಂತು. ಆಗಲೂ ತೆರೆದ ಪೋರ್ಟಿನ ಬಾಯಿಗೆ ರಬ್ಬರ್ ಮುಚ್ಚಳ ಇದೆಯೇ ಎಂದು ಕಣ್ಣಿಂದ ನೋಡಿ. ನನ್ನದಕ್ಕೆ ಮುಚ್ಚಳ ಇದೆ, ಆದರೆ ಮೂರನೆಯ ತಿಂಗಳಿಗೇ ಅದರ ಕೊಂಡಿ ಸಡಿಲಾಗಿ ತೆರೆದೇ ಇರುತ್ತಿತ್ತು. ಮಗ್ಗದ ಮನೆ, ಹಿಟ್ಟಿನ ಗಿರಣಿ, ಸಿಮೆಂಟ್ ಅಂಗಡಿ, ಇಂಥ ಕಡೆ ಕೆಲಸ ಮಾಡುವವರು ಆ ಒಂದು ಎಕ್ಸ್ ಅಕ್ಷರವನ್ನು ಮರೆಯದೆ ಹುಡುಕಿ.

ಅವತ್ತೇ ಹುಡುಗನಿಗೆ ಆ ಮೊದಲ ರಾತ್ರಿಯ ಕಥೆಯನ್ನೂ ಹೇಳಿದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಹಾಕಿದರೆ ದೀಪ ಯಾಕೆ ಹತ್ತುವುದಿಲ್ಲ? ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ಅಕ್ಕಾ, ನಿಮ್ಮ ಚಾರ್ಜರ್ ಛಲೋ ಐತಿ. ತಪ್ಪು ಇದರದ. ವಾರಕ್ಕ ನಾಕ್ ಮಂದಿ ಇದನ್ನ ತರ್ತಾರ” ಎಂದ. ನೋಟು ಪುಸ್ತಕದ ಹಿಂದೆ ಚಿತ್ರ ಬರೆದು ತೋರಿಸಿದ.

ಹಳೆಯ ಚೌಕ ಮೂತಿಯ ಚಾರ್ಜರಿನಲ್ಲಿ 5 ವೋಲ್ಟ್ ಯಾವಾಗಲೂ ಹೊರಗೆ ಬರುತ್ತಲೇ ಇರುತ್ತದೆ. ಯಾರು ಚುಚ್ಚಿದರೂ ಸಿಗುತ್ತದೆ. ಟೈಪ್-ಸಿ ಚಾರ್ಜರ್ ಹಾಗಲ್ಲ. ಆಚೆ ತುದಿಯಲ್ಲಿ ವಿದ್ಯುತ್ ಬೇಕಾದ ವಸ್ತು ಇದೆಯೇ ಎಂದು ಮೊದಲು ವಿಚಾರಿಸುತ್ತದೆ. ಉತ್ತರ ಬರುವ ತನಕ ಬಾಗಿಲು ತೆರೆಯುವುದಿಲ್ಲ. ಆ ಉತ್ತರ ಕೊಡಲು ನೆಕ್‌ಬ್ಯಾಂಡಿನ ಒಳಗೆ, ಸಿಸಿ ಎನ್ನುವ ಎರಡು ಹಲ್ಲುಗಳಿಗೆ 5.1 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ) ಇರಬೇಕು. ಎರಡು ಯಾಕೆ ಎಂದರೆ ಪಿನ್ನನ್ನು ಎರಡು ರೀತಿಯಲ್ಲಿ ತಿರುಗಿಸಿ ಹಾಕಬಹುದಲ್ಲ, ಅದಕ್ಕೆ. ಸಾಸಿವೆಗಿಂತ ಚಿಕ್ಕವು, ಬೆಲೆ ಪೈಸೆಗಳಲ್ಲಿ. ನನ್ನ 1,499 ರೂಪಾಯಿಯ ವಸ್ತುವಿನಲ್ಲಿ ಆ ಎರಡು ಸಾಸಿವೆ ಇರಲಿಲ್ಲ. ಪೋರ್ಟಿನ ಆಕಾರ ಟೈಪ್-ಸಿ, ಒಳಗಿನ ಮಾತು ಮಾತ್ರ ಇಲ್ಲ. ಚಾರ್ಜರ್ ಕೇಳುತ್ತಾ ಇತ್ತು, ಇದು ಮೂಕವಾಗಿ ಕೂತಿತ್ತು.

ಇದಕ್ಕೆ ನನಗೆ ಕೋಪ ಬಂತು, ಈಗಲೂ ಇದೆ. ಬ್ಯಾಟರಿ ಒಂದೆರಡು ತಾಸು ಕಡಿಮೆ ಬಂದರೆ ಸಹಿಸಬಹುದು. ‘ಟೈಪ್-ಸಿ’ ಎಂದು ದೊಡ್ಡದಾಗಿ ಬರೆದು, ಮನೆಯಲ್ಲಿ ಇರುವ ಟೈಪ್-ಸಿ ಚಾರ್ಜರಿಗೆ ಆಗದ ವಸ್ತುವನ್ನು ಮಾರುವುದು ಸರಿಯಲ್ಲ. ಕಂಪನಿಗೆ ಬರೆದೆ. ‘ಪೆಟ್ಟಿಗೆಯಲ್ಲಿ ಕೊಟ್ಟ ಕೇಬಲ್ಲನ್ನೇ ಬಳಸಿ’ ಎಂದು ಉತ್ತರ ಬಂತು. ಪೆಟ್ಟಿಗೆಯ ಕೇಬಲ್ ಒಂದು ಗೇಣು ಉದ್ದವಿದೆ.

ಅದಕ್ಕೇ ಹೇಳುವುದು, ಇಯರ್‌ಫೋನ್ ಕೊಳ್ಳಲು ಹೋಗುವಾಗ ಚೀಲದಲ್ಲಿ ನಿಮ್ಮ ಚಾರ್ಜರ್ ಮತ್ತು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಇಟ್ಟುಕೊಂಡು ಹೋಗಿ. ದುಡ್ಡು ಕೊಡುವ ಮೊದಲು ಅಲ್ಲೇ ಚುಚ್ಚಿ. ದೀಪ ಹತ್ತಬೇಕು. ತಿರುಗಿಸಿ ಚುಚ್ಚಿ, ಆಗಲೂ ಹತ್ತಬೇಕು. ಅಂಗಡಿಯವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಸೀರೆ ಕೊಳ್ಳುವವರು ಬಣ್ಣ ಬಿಡುತ್ತದೆಯೇ ಎಂದು ನಮ್ಮೆದುರೇ ಒದ್ದೆ ಬೆರಳು ಒತ್ತಿ ನೋಡುತ್ತಾರೆ. ನಾವು ಬೇಡ ಎನ್ನುತ್ತೇವೆಯೇ?

ಬ್ಯಾಟರಿ ಪರವಾಗಿಲ್ಲ. ಪೆಟ್ಟಿಗೆಯಲ್ಲಿ 30 ತಾಸು ಎಂದಿದೆ. ಮೊದಲು ನನಗೆ 22 ತಾಸು ಬಂತು, ವಾಲ್ಯೂಮ್ ಇಳಿಸಿದ ಮೇಲೆ 26. ಈಗ 14 ತಿಂಗಳಾದ ಮೇಲೆ 20ರ ಹತ್ತಿರ ಇದೆ. ಬೇಸಿಗೆಯಲ್ಲಿ ಅದನ್ನು ಶೆಡ್ಡಿನ ತಗಡಿನ ಕೆಳಗೆ ಇಡದೆ ಅಡುಗೆಮನೆಯ ಮಡಿಕೆಯ ಪಕ್ಕದ ಗೂಡಿನಲ್ಲಿ ಇಡುತ್ತೇನೆ. ಲಿಥಿಯಂ ಬ್ಯಾಟರಿಗೆ ಕಾವು ಆಗಿಬರುವುದಿಲ್ಲ.

ಸಿಗ್ನಲ್ ಬಗ್ಗೆ ಒಂದು ಸಣ್ಣ ವಿಷಯ. ಮೊದಲು ಫೋನನ್ನು ಎಡಸೊಂಟಕ್ಕೆ ಸಿಕ್ಕಿಸುತ್ತಿದ್ದೆ. ಧ್ವನಿ ಆಗಾಗ ಕಡಿಯುತ್ತಿತ್ತು. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ನಮ್ಮ ಮೈ ಬಹುಪಾಲು ನೀರೇ. ಫೋನನ್ನು ಎದುರಿನ ಕಪಾಟಿನ ಮೇಲೆ ಇಟ್ಟೆ, ಕಡಿಯುವುದು ನಿಂತಿತು. ಅಡುಗೆಮನೆಗೆ ಹೋದರೆ ಕಲ್ಲಿನ ಗೋಡೆ ಅಡ್ಡ ಬಂದು ಧ್ವನಿ ನಿಲ್ಲುತ್ತದೆ. ಮಗಳ ಪಾಠದ ವಿಡಿಯೊ ನೋಡುವಾಗ ತುಟಿಗೂ ಮಾತಿಗೂ ಹೊಂದುತ್ತದೆ. ಮೊಬೈಲ್ ಆಟದಲ್ಲಿ ಸದ್ದು ತಡವಾಗಿ ಬರುತ್ತದೆ ಎಂದು ಅವಳ ದೂರು.

ಒಂದನ್ನು ಮಾತ್ರ ಕಳೆದುಕೊಂಡೆ. ಹಳೆಯ ಫೋನಿನಲ್ಲಿ ವೈರ್ ಇಯರ್‌ಫೋನ್ ಚುಚ್ಚಿ ಎಫ್‌ಎಂ ರೇಡಿಯೊ ಕೇಳುತ್ತಿದ್ದೆ. ಆ ವೈರೇ ರೇಡಿಯೊದ ಆಂಟೆನಾ ಆಗಿತ್ತು. ಬ್ಲೂಟೂತಿನಲ್ಲಿ ವೈರೇ ಇಲ್ಲ, ಆಂಟೆನಾ ಎಲ್ಲಿಂದ ಬರಬೇಕು? ಈಗ ಆಕಾಶವಾಣಿಯನ್ನು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಹಾಕುತ್ತೇನೆ. ಧಾರವಾಡ ಕೇಂದ್ರ ಸ್ಪಷ್ಟವಾಗಿ ಬರುತ್ತದೆ, ಆದರೆ ಡೇಟಾ ಖರ್ಚಾಗುತ್ತದೆ. ಸಿಗ್ನಲ್ ಹೋದರೆ ವಾರ್ತೆಯೂ ಹೋಯಿತು.

ಇಷ್ಟೆಲ್ಲ ಆದ ಮೇಲೂ ಇನ್ನೊಬ್ಬ ನೇಕಾರ ಮಹಿಳೆ ಕೇಳಿದರೆ ನೆಕ್‌ಬ್ಯಾಂಡೇ ತೆಗೆದುಕೋ ಎನ್ನುತ್ತೇನೆ. ನನ್ನದೇ ಕಂಪನಿಯದು ಬೇಡ ಎನ್ನುತ್ತೇನೆ.

ವಾರಂಟಿ ಜೂನಿಗೆ ಮುಗಿಯಿತು. ಮೊನ್ನೆ ನಾಗರಪಂಚಮಿಯ ಹಿಂದಿನ ದಿನ ಮತ್ತೆ ಹುಡುಗನ ಅಂಗಡಿಗೆ ಹೋದೆ. “ಈಗ ಬಿಚ್ಚು, ಆ ಎರಡು ಸಾಸಿವೆ ಹಾಕು” ಎಂದೆ. ಅವನು ನೆಕ್‌ಬ್ಯಾಂಡಿನ ಬಲಗಡೆಯ ಡಬ್ಬಿ ಬಿಡಿಸಿದ. ಹಳೆಯ ಬೋರ್ಡೊಂದರಿಂದ ಎರಡು ರೆಸಿಸ್ಟರ್ ಕಿತ್ತು, ಮೀಟರಿನಲ್ಲಿ ಅಳೆದು, ಭೂತಕನ್ನಡಿಯ ಕೆಳಗೆ ಬೆಸುಗೆ ಹಾಕಿದ. ಅರ್ಧ ತಾಸು ಕೈ ಅಲುಗಿಸದೆ ಕೂತಿದ್ದ. 60 ರೂಪಾಯಿ ತೆಗೆದುಕೊಂಡ. ನಾನು ಚೀಲದಿಂದ ಯಜಮಾನರ ಚಾರ್ಜರ್ ತೆಗೆದು ಅವನ ಗೋಡೆಯ ಪ್ಲಗ್ಗಿಗೆ ಹಾಕಿ, ಎರಡೂ ತುದಿ ಟೈಪ್-ಸಿ ಇರುವ ಅದೇ ಕೇಬಲ್ ಚುಚ್ಚಿದೆ. ಕೆಂಪು ದೀಪ ಹತ್ತಿತು. ತಿರುಗಿಸಿ ಚುಚ್ಚಿದೆ. ಆಗಲೂ ಹತ್ತಿತು.